ನಮ್ಮಲ್ಲಿ ಆರ್‌ಡಿ ನಂಬರ್ ಇಲ್ಲ ಮಾರಾಯ್ತಿ

ನಿನ್ನ ಪ್ರಶ್ನೆ ಓದಿದೆ. ನಿನ್ನ ಕ್ಲಾಸಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಒಬ್ಬಳು ಹುಡುಗಿ ಇದ್ದಾಳೆ, ಮನೆಯಲ್ಲಿ ಕಷ್ಟ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕು ಅಂದರೆ "ನನಗೆ ಆಗುವುದಿಲ್ಲ ಮೇಡಂ" ಅನ್ನುತ್ತಾಳೆ, ಇದು ಉದಾಸೀನ ಅಲ್ವಾ ಅಂತ ಕೇಳಿದ್ದೀಯ. ಅದರ ಮೇಲೆ "ನಿಮಗೇನು, ಎರಡು ರಾಜ್ಯದಿಂದಲೂ ಸಿಗುತ್ತದಲ್ಲ" ಅಂತ ಒಂದು ಮಾತು ಬೇರೆ.

ಉದಾಸೀನ ಅಲ್ಲ ಮಾರಾಯ್ತಿ. ನನ್ನ ಊರೂ ಅದೇ ಕಡೆ. ಅವಳು ಹೇಳಿದ್ದು ಸತ್ಯ. ಎರಡು ರಾಜ್ಯದ ಮಾತು ಹಾಗಿರಲಿ, ಒಂದರಿಂದ ಬರಬೇಕಾದದ್ದೇ ಕೈಗೆ ಬರುವಾಗ ಎಷ್ಟೋ ಸಲ ವರ್ಷ ಮುಗಿದಿರುತ್ತದೆ.

ನಿಮ್ಮ ತುಮಕೂರಿನ ಮಕ್ಕಳು ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರ ಮಾಡಿಸುತ್ತಾರೆ. ಅದರ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಎಸ್‌ಎಸ್‌ಪಿಯಲ್ಲಿ ಅಂದರೆ ಕರ್ನಾಟಕದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ಅರ್ಜಿ ಮುಂದೆ ಹೋಗುತ್ತದೆ. ನಮಗೆ ಪತ್ರ ಕೊಡುವುದು ಕೇರಳದ ವಿಲ್ಲೇಜ್ ಆಫೀಸು ಇಲ್ಲವೇ ತಾಲೂಕು ಆಫೀಸು. ಅಲ್ಲಿನ ಆನ್‌ಲೈನ್ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿದರೆ ಪತ್ರವೇನೋ ಬರುತ್ತದೆ. ಆದರೆ ಅದರಲ್ಲಿ ಆರ್‌ಡಿ ನಂಬರ್ ಎಲ್ಲಿಂದ ಇರಬೇಕು? ಅದು ಕರ್ನಾಟಕ ಕೊಡುವ ನಂಬರ್. ನಿನ್ನ ವಿದ್ಯಾರ್ಥಿನಿ ನಿಂತದ್ದು ಅಲ್ಲೇ. ಆ ಖಾನೆ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ.

ಇನ್ನೂ ಇದೆ. ಅಲ್ಲಿ ಹಿಂದುಳಿದ ವರ್ಗ ಯಾವುದು, 1, 2ಎ, 2ಬಿ, 3ಎ, 3ಬಿ ಅಂತ ಕೇಳುತ್ತಾರೆ. ಕೇರಳದಲ್ಲಿ ಆ ವಿಂಗಡಣೆಯೇ ಇಲ್ಲ. ಅಡಿಕೆ ತೋಟದವರ ಕತೆಯೂ ಹಾಗೇ. ಗಡಿಯ ಎರಡೂ ಕಡೆ ಅದೇ ಮಳೆ, ಅದೇ ಕೊಳೆರೋಗ. 2021ರಲ್ಲಿ ಕರ್ನಾಟಕ ಸರ್ಕಾರ ರೈತರ ಮಕ್ಕಳ ಓದಿಗೆ ರೈತ ವಿದ್ಯಾನಿಧಿ ಶುರು ಮಾಡಿತು, ಒಳ್ಳೆಯ ಕೆಲಸ. ಆದರೆ ಅದಕ್ಕೆ ಅಪ್ಪನದೋ ಅಮ್ಮನದೋ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ಕರ್ನಾಟಕದ ರೈತರ ನೋಂದಣಿ ನಂಬರ್ ಬೇಕಿತ್ತು. ಕೇರಳದ ಸರ್ವೆ ನಂಬರಿನ ಜಾಗಕ್ಕೆ ಅದು ಸಿಗುವುದಿಲ್ಲ. ಕರ್ನಾಟಕದ ವಿಟ್ಲದ ರೈತನ ಮಗಳಿಗೆ ಸಿಕ್ಕ ಹಣ ಕೇರಳದ ಪೈವಳಿಕೆಯ ರೈತನ ಮಗಳಿಗೆ ಸಿಗಲಿಲ್ಲ.

"ಹಾಗಾದರೆ ಕೇರಳದಲ್ಲೇ ಓದಬಹುದಲ್ಲ" ಅಂತ ನೀನು ಕೇಳುತ್ತೀಯ ಅಂತ ಗೊತ್ತು, ಎಲ್ಲರೂ ಕೇಳುತ್ತಾರೆ. ನಾವು ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿತವರು. ಮಂಜೇಶ್ವರದಿಂದ ಬಸ್ಸು ಹತ್ತಿದರೆ ಗಡಿಯ ತಲಪಾಡಿ ದಾಟಿ ಮಂಗಳೂರು, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ನಮ್ಮ ರಾಜಧಾನಿ ತಿರುವನಂತಪುರ ಇರುವುದು ಐನೂರು ಕಿಲೋಮೀಟರಿಗಿಂತಲೂ ಆಚೆ. ಆಸ್ಪತ್ರೆ, ಮದುವೆ ಜವಳಿ, ನೆಂಟರು, ಎಲ್ಲ ಮಂಗಳೂರಿನ ಕಡೆಗೇ ಇರುವಾಗ ಓದು ಮಾತ್ರ ಬೇರೆ ಕಡೆ ಹೋಗುತ್ತದಾ?

ಮತ್ತೆ, ನಾವು ಎಲ್ಲಿಂದಲೋ ಬಂದು ಗಡಿಯಲ್ಲಿ ಕೂತವರಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಅವತ್ತು ಗೆರೆ ಎಳೆದರು, ನಮ್ಮ ಅಜ್ಜಂದಿರು ಇದ್ದ ಮನೆಯಲ್ಲೇ ಇದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಹೇಳಿತು. ಸೇರಲಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಊರು ಮಂಜೇಶ್ವರ. ಆ ಊರಿನ ಹುಡುಗಿಗೆ ನಿನ್ನ ಕಾಲೇಜಿನಲ್ಲಿ ಯಾರಾದರೂ "ಓ, ನೀನು ಕೇರಳದವಳಾ, ಕನ್ನಡ ಬರುತ್ತದಾ" ಅಂತ ಕೇಳಿದರೆ ಅವಳಿಗೆ ಹೇಗಾಗುತ್ತದೆ ಅಂತ ಸ್ವಲ್ಪ ಯೋಚಿಸು.

ನೆರವಿನ ನಿಯಮ ಏನು ಅಂದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಓದುವ ರಾಜ್ಯ ಕೊಡುವುದಿಲ್ಲ, ವಿದ್ಯಾರ್ಥಿ ಸೇರಿದ ರಾಜ್ಯ ಕೊಡಬೇಕು. ಪರಿಶಿಷ್ಟರ ವಿಷಯದಲ್ಲಿ 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಒಂದು ರಾಜ್ಯದ ಪಟ್ಟಿಯಲ್ಲಿ ಇರುವವರಿಗೆ ಬೇರೆ ರಾಜ್ಯಕ್ಕೆ ಹೋದಾಗ ಅದೇ ಹಕ್ಕು ತಾನಾಗಿ ಬರುವುದಿಲ್ಲ. ಕೊರಗರು ಎರಡೂ ರಾಜ್ಯದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆದರೂ ಮಂಜೇಶ್ವರದ ಕೊರಗ ಹುಡುಗ ಮಂಗಳೂರಿನಲ್ಲಿ ಓದಿದರೆ ಅವನ ಅರ್ಜಿ ಕೇರಳಕ್ಕೇ ಹೋಗಬೇಕು. ಅವನು ವಲಸೆ ಹೋಗಿಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ ಅಷ್ಟೆ.

ಸರಿ, ಕೇರಳದ ವಿದ್ಯಾರ್ಥಿವೇತನ ಪೋರ್ಟಲ್ ಆದ ಇ-ಗ್ರಾಂಟ್ಸ್‌ಗೇ ಹಾಕುವ ಅಂತ ಹೊರಟರೆ ಕಾಗದ ಮಂಗಳೂರಿನ ಕಾಲೇಜಿನಿಂದ ಆಗಬೇಕು. ಶುಲ್ಕದ ವಿವರ, ಕೋರ್ಸಿಗೆ ಮಾನ್ಯತೆ ಇದೆ ಅನ್ನುವ ಪತ್ರ, ಪ್ರಾಂಶುಪಾಲರ ಸಹಿ. ನಾನು ಓದುವಾಗ ನನ್ನ ಕಾಲೇಜಿನ ಆಫೀಸಿನವರಿಗೆ ಎಸ್‌ಎಸ್‌ಪಿ ಬಾಯಿಪಾಠ, ಇ-ಗ್ರಾಂಟ್ಸ್ ಹೆಸರೇ ಗೊತ್ತಿರಲಿಲ್ಲ. "ಇದು ನಮ್ಮದಲ್ಲ, ನಿಮ್ಮ ಸರ್ಕಾರದವರನ್ನು ಕೇಳಿ" ಅನ್ನುತ್ತಿದ್ದರು. ಊರಿಗೆ ಬಂದು ಕೇಳಿದರೆ "ಕಾಲೇಜಿನಿಂದ ತನ್ನಿ" ಅನ್ನುತ್ತಿದ್ದರು. ಎರಡು ಮೇಜಿನ ನಡುವೆ ಚೆನ್ನೆಮಣೆಯ ಕಾಯಿಯ ಹಾಗೆ ಓಡಾಡಿ, ಕೊನೆಯ ದಿನಾಂಕ ಕಳೆದು ಹೋಯಿತು. ಆ ವರ್ಷದ ಫೀಸಿಗೆ ಅಮ್ಮ ಬಳೆ ಅಡವು ಇಟ್ಟರು. ನನಗೆ ಅರ್ಹತೆ ಇತ್ತು. ಅಂಕ ಇತ್ತು, ಮನೆಯ ಆದಾಯವೂ ಮಿತಿಯೊಳಗೆ ಇತ್ತು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಗಡಿ ಅಡ್ಡ ಬಾರದ ಒಂದು ದಾರಿ ಇದೆ, ಅದನ್ನು ನಿನ್ನ ಹುಡುಗಿಗೆ ಇವತ್ತೇ ಹೇಳು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳ ಕೇಂದ್ರ ವಿದ್ಯಾರ್ಥಿವೇತನ ಅಂತ ಇದೆ. ಪ್ಲಸ್ ಟು ಅಂಕ ಅವಳ ಬೋರ್ಡಿನ ಮೇಲಿನ ಶೇಕಡಾ 20ರೊಳಗೆ ಇರಬೇಕು. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷ ದಾಟಬಾರದು. ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ, ಪಿಜಿಗೆ 20,000. ಅವಳನ್ನು ಕೇರಳ ಬೋರ್ಡಿನ ಲೆಕ್ಕದಲ್ಲಿ ನೋಡುತ್ತಾರೆ, ಓದುವುದು ಕರ್ನಾಟಕದಲ್ಲಿ ಆದರೂ ತೊಂದರೆ ಇಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಲಿ. ಆದರೆ ಅರ್ಜಿಯನ್ನು ಮೊದಲು ಪರಿಶೀಲಿಸುವುದು ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿ, ಅಂದರೆ ಈ ಅರ್ಜಿಗಳನ್ನು ನೋಡಿಕೊಳ್ಳುವವರು. ಅವರು ದಿನಾಂಕದ ಒಳಗೆ ಲಾಗಿನ್ ಆಗಿ ಒಪ್ಪಿಗೆ ಕೊಡದಿದ್ದರೆ ಅರ್ಜಿ ಅಲ್ಲೇ ನಿಂತು ಬಿಡುತ್ತದೆ. ಪ್ರತಿ ವರ್ಷ ನವೀಕರಣಕ್ಕೂ ಅದೇ ಕ್ರಮ. ಕೇರಳದ ಪತ್ರ ನೋಡಿ ಅವರು ಪಕ್ಕಕ್ಕೆ ಇಡದ ಹಾಗೆ ನೀನು ಜೊತೆಗೆ ನಿಂತು ಮಾಡಿಸು.

ನನ್ನ ನಿಜವಾದ ತಕರಾರು ಕರ್ನಾಟಕದ ಮೇಲೆ. ಸಿಇಟಿ ನಿಯಮದಲ್ಲಿ ಗಡಿನಾಡು ಕನ್ನಡಿಗರಿಗೆ ಅಂತಲೇ ಒಂದು ಕಲಂ ಇದೆ. ಅದರಲ್ಲಿ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರಿದೆ. ಅತ್ತ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಹೆಸರೂ ಇದೆ. ನಾವು ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯುತ್ತೇವೆ. ಅಂದರೆ ಸೀಟು ಕೊಡುವಾಗ ನಾವು ಕನ್ನಡದವರು, ಫೀಸು ಕಟ್ಟಲು ನೆರವು ಕೇಳುವಾಗ ಹೊರಗಿನವರು. ರಾಜ್ಯೋತ್ಸವದ ಭಾಷಣದಲ್ಲಿ ಗಡಿನಾಡಿನ ಹೆಸರು ಪ್ರತಿ ವರ್ಷ ಬರುತ್ತದೆ. ಸುಮ್ನೆ ಹೆಸರು ಹೇಳಿದರೆ ಮಕ್ಕಳ ಫೀಸು ತುಂಬುವುದಿಲ್ಲ.

ಇದು ದೊಡ್ಡ ಕೆಲಸವೂ ಅಲ್ಲ. ಕೇರಳದ ಇ-ಡಿಸ್ಟ್ರಿಕ್ಟ್ ಜಾಲತಾಣದಿಂದ ಬರುವ ಜಾತಿ, ಆದಾಯ ಪತ್ರವನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಅಸಲಿಯೋ ಅಂತ ನೋಡಬಹುದು. ಎಸ್‌ಎಸ್‌ಪಿಯಲ್ಲಿ ಆರ್‌ಡಿ ನಂಬರಿನ ಪಕ್ಕ "ಗಡಿನಾಡು" ಅಂತ ಇನ್ನೊಂದು ಖಾನೆ ಇಟ್ಟು, ಆ ಪತ್ರದ ನಂಬರ್ ತೆಗೆದುಕೊಳ್ಳಲಿ. ಕೇರಳದಿಂದ ಹಣ ಬಂದಿದೆಯಾ ಅಂತ ಆಧಾರ್‌ನಿಂದ ತಾಳೆ ನೋಡಲಿ, ಬಂದಿದ್ದರೆ ಕೊಡುವುದು ಬೇಡ. ಬಾರದವರಿಗೆ ಕೊಡಲಿ.