ಎಸ್-400 ಒಂದನ್ನೇ ನೆಚ್ಚಬೇಡಿ

ಭಾಲ್ಕಿಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಬೀದರ್ ವಾಯುನೆಲೆಯ ತರಬೇತಿ ವಿಮಾನಗಳನ್ನು ನೋಡಿದಾಗಲೆಲ್ಲ ಒಂದು ಚಿಂತೆ. ಶತ್ರುವಿನ ಡ್ರೋನ್ ಇಲ್ಲಿಗೇ ಬಂದರೆ ಏನು ಗತಿ? ಆಕಾಶದಲ್ಲಿ ಬರುವುದನ್ನು ಹೊಡೆದುರುಳಿಸುವ ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆ ಒಂದನ್ನು ತಂದಿಟ್ಟರೆ ನಿಶ್ಚಿಂತೆ ಅಲ್ವಾ?"

ಸಂಪಾದಕರ ಉತ್ತರ:

ಗುರುಗಳೇ, ಶರಣು. ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ ಸುಮಾರು 300ರಿಂದ 400 ಡ್ರೋನ್ ಬಿಟ್ಟಿತ್ತು ಎಂದು ನಮ್ಮ ಸೇನೆಯೇ ಹೇಳಿತ್ತು. ಆದರೆ ಎಸ್-400 ಒಂದನ್ನೇ ನಂಬಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಅದು 400 ಕಿ.ಮೀ. ದೂರಕ್ಕೂ ಹೊಡೆಯಬಲ್ಲದು, ನಿಜ. ಹೊಡೆಯುವುದು ಆಮೇಲಿನ ಮಾತು, ಮೊದಲು ಕಣ್ಣಿಗೆ ಬೀಳಬೇಕು.

ರೇಡಾರ್ ಅಲೆ ಹೆಚ್ಚುಕಮ್ಮಿ ನೇರಕ್ಕೆ ಹೋಗುತ್ತದೆ, ಭೂಮಿಯೋ ಬಾಗಿದೆ. 10 ಕಿ.ಮೀ. ಎತ್ತರದ ವಿಮಾನ 400 ಕಿ.ಮೀ. ಆಚೆಯಿಂದಲೇ ಸಿಗಬಹುದು. ಬರೀ 100 ಮೀಟರ್ ಎತ್ತರದಲ್ಲಿ ಬರುವ ಡ್ರೋನ್ ಹಾಗಲ್ಲ. ನೆಲದಿಂದ 10 ಮೀಟರ್ ಮೇಲಿರುವ ರೇಡಾರಿಗೆ ಅದು ಸುಮಾರು 55 ಕಿ.ಮೀ. ಒಳಗೆ ಬರುವ ತನಕ ಕಾಣುವುದೇ ಇಲ್ಲ. ನಡುವೆ ಗುಡ್ಡ ಇದ್ದರೆ ಇನ್ನೂ ತಡ. ಬೀದರ್ ಕೋಟೆಯ ಬುರುಜು ಹತ್ತಿದರೆ ಕೆಳಗಿನ ಬಯಲು ಎಷ್ಟು ದೂರ ಕಾಣುತ್ತದೆ ಅಂತ ನಿಮಗೆ ಗೊತ್ತೇ ಇದೆ. ರೇಡಾರಿಗೂ ಅದೇ ಎತ್ತರ ಬೇಕು. ಅದಕ್ಕೇ ಅದನ್ನು ವಿಮಾನದ ಬೆನ್ನಿಗೂ ಹೊರಿಸುತ್ತಾರೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ 'ನೇತ್ರ' ಅಂಥದ್ದು.

ಕಂಡ ಮೇಲೆ ಯಾವುದರಿಂದ ಹೊಡೆಯಬೇಕು? ಅಗ್ಗದ ಡ್ರೋನಿಗೆ ದುಬಾರಿ ಕ್ಷಿಪಣಿ ಸುಟ್ಟರೆ ಶತ್ರುವಿಗೇ ಲಾಭ. ನಮ್ಮ ಕ್ಷಿಪಣಿ ಖಾಲಿಯಾಗಲಿ ಅಂತಲೇ ಅವನು ಕಾಯುತ್ತಿರುತ್ತಾನೆ. ಆ ಮೇ ತಿಂಗಳಲ್ಲಿ ಹಳೆಯ ಎಲ್-70 ತೋಪುಗಳು ಚೆನ್ನಾಗಿ ಕೆಲಸಕ್ಕೆ ಬಂದವು. ಬೋಫೋರ್ಸ್ ವಿನ್ಯಾಸದ 40 ಮಿ.ಮೀ. ತೋಪು ಅದು. ಮೂರು-ನಾಲ್ಕು ಕಿ.ಮೀ. ಒಳಗೆ ಬಂದದ್ದನ್ನು ಬೀಳಿಸುತ್ತದೆ. ಅದರಾಚೆ ಸುಮಾರು 25 ಕಿ.ಮೀ. ತನಕ ಆಕಾಶ್ ಕ್ಷಿಪಣಿ, ಇನ್ನೂ ಆಚೆ ಎಸ್-400. ಡ್ರೋನಿನ ಸಿಗ್ನಲ್ ಕೆಡಿಸುವ ಜ್ಯಾಮರ್ ಬೇರೆ. ಎಲ್ಲ ರೇಡಾರುಗಳು ಕಂಡದ್ದನ್ನು ಒಂದೇ ಪರದೆಗೆ ತಂದು, ಯಾರು ಯಾವುದನ್ನು ಹೊಡೆಯಬೇಕು ಎಂದು ಹಂಚುವ 'ಆಕಾಶ್‌ತೀರ್' ಎಂಬ ವ್ಯವಸ್ಥೆ ನನ್ನ ಲೆಕ್ಕದಲ್ಲಿ ಕ್ಷಿಪಣಿಗಿಂತ ಜಾಸ್ತಿ ಮುಖ್ಯ. ಅದನ್ನು ಮಾಡಿದ್ದು ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್.

ನಮ್ಮ ಬೀದರ್ ಪಾಕಿಸ್ತಾನದ ಗಡಿಯಿಂದ ಹೆಚ್ಚುಕಮ್ಮಿ ಸಾವಿರ ಕಿ.ಮೀ. ದೂರ. 2018ರ ಒಪ್ಪಂದದಲ್ಲಿ ಕೊಂಡದ್ದು ಐದೇ ಎಸ್-400 ಸ್ಕ್ವಾಡ್ರನ್ (ತುಕಡಿ). ಅವು ಮೊದಲು ಗಡಿ ಕಡೆಗೆ ಹೋಗುವುದೇ ಸರಿ.

ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ನಿಮ್ಮ ಮಾತನ್ನು ಊರಿನ ಹುಡುಗರು ಕೇಳುತ್ತಾರೆ. ವಾಯುನೆಲೆಯ ವಿಡಿಯೊ, ಸೇನೆಯ ಗಾಡಿ ಹೋಗುವ ದಾರಿ ವಾಟ್ಸಾಪಿಗೆ ಹಾಕಬೇಡಿ ಎಂದು ಹೇಳಿ. ಸೈರನ್ ಕೂಗಿದರೆ ಮಾಳಿಗೆ ಹತ್ತಿ ನೋಡುತ್ತ ನಿಲ್ಲುವುದು ಬೇಡ. ಹೊಡೆದು ಬೀಳಿಸಿದ್ದು ಕೂಡ ಯಾರದೋ ಹೊಲದಲ್ಲೇ ಬೀಳುತ್ತದೆ, ಅದರಲ್ಲಿ ಸಿಡಿಯದ ಮದ್ದು ಇರಬಹುದು. ಚೂರು ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ಫೋನ್ ಮಾಡಲಿ.