ಸೈಕಲ್ ರಿಮ್ ಸವೆದು ಬದಲಾಯಿಸುವ ಹಂತಕ್ಕೆ ಬಂದಿದೆ ಅಂತ ತಿಳಿಯುವುದು ಹೇಗೆ?

ರಿಮ್ ಬ್ರೇಕ್ ಸೈಕಲ್ ಆದರೆ ಮೊದಲು ರಿಮ್‌ನ ಪಕ್ಕದ ಗೋಡೆ ನೋಡಿ, ಬ್ರೇಕ್ ರಬ್ಬರ್ ಉಜ್ಜುವ ಜಾಗ ಅದೇ. ಎಷ್ಟೋ ಅಲ್ಯೂಮಿನಿಯಂ ರಿಮ್‌ಗಳಲ್ಲಿ ಅಲ್ಲೊಂದು ಸಣ್ಣ ಗುಳಿಯೋ ಸುತ್ತಲೂ ಒಂದು ಗೀರೋ ಇರುತ್ತದೆ. ಅದು ಸವೆದು ಮಾಯವಾದರೆ ರಿಮ್ ಬದಲಾಯಿಸಿ. ಗುರುತೇ ಇಲ್ವಾ? ಸ್ಟೀಲ್ ಸ್ಕೇಲಿನ ಅಂಚನ್ನು ಗೋಡೆಗೆ ಅಡ್ಡಲಾಗಿ ಒತ್ತಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ಗೋಡೆ ಒಳಕ್ಕೆ ತಗ್ಗಾಗಿದೆ, ಅಷ್ಟು ಲೋಹ ಹೋಗಿದೆ.

ಗೋಡೆ 1 ಮಿ.ಮೀ.ಗಿಂತ ತೆಳುವಾಗಿದ್ದರೆ ನಾನಂತೂ ಆ ಚಕ್ರ ಓಡಿಸುವುದಿಲ್ಲ. ಟೈರಿನ ಗಾಳಿ ಆ ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ತೆಳುವಾದದ್ದು ಒಂದು ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೇ ಸೀಳಿಬಿಡಬಹುದು, ಅದೂ ಮುಂದಿನ ಚಕ್ರವಾದರೆ ತುಂಬಾ ಅಪಾಯ. ಗೋಡೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಳೆಯುತ್ತಾ ಕೂರಬೇಡಿ. ಗಾಳಿ ಇಳಿಸಿ, ಸೈಕಲ್ ನಿಲ್ಲಿಸಿಬಿಡಿ. ಬ್ರೇಕ್ ಹಿಡಿದಾಗ ಪ್ರತಿ ಸುತ್ತಿಗೂ ಒಂದೇ ಕಡೆ ತಡೆದಂತಾದರೆ ಅಲ್ಲಿ ಉಬ್ಬಿದೆಯೇ ಎಂದು ನೋಡಿ.

ಮಳೆಗಾಲದಲ್ಲಿ ಸವೆತ ಜಾಸ್ತಿ. ಕೆಸರಿನ ಮರಳು ರಬ್ಬರಿಗೆ ಅಂಟಿ ಉಪ್ಪುಕಾಗದದ ಹಾಗೆ ರಿಮ್ ತಿನ್ನುತ್ತದೆ. ಆಗಾಗ ರಬ್ಬರ್ ಒರೆಸಿ, ಒಳಗೆ ಸಿಕ್ಕಿದ ಲೋಹದ ಚೂರು ಕಿತ್ತುಹಾಕಿ.

ಡಿಸ್ಕ್ ಬ್ರೇಕ್‌ನಲ್ಲಿ ಈ ಸವೆತ ಇಲ್ಲ, ಕಡ್ಡಿಯ ತೂತುಗಳ ಸುತ್ತ ಬಿರುಕು ಇದೆಯೇ ನೋಡಿ.