ಅಣ್ಣನ ನಾಯಿ ನನ್ನ ಹತ್ತಿರ ಬರೋದಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಇವರು ಹೊಸನಗರ ಕಡೆಯವರು, ಐವತ್ತು ದಾಟಿದೆ. ಅಣ್ಣ ತೀರಿಕೊಂಡ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಊರಿಗೆ ಮರಳಿದ್ದಾರೆ. ನಿದ್ದೆ ಬರುತ್ತಿಲ್ಲ ಎಂದು ಬಂದವರು ನಾಯಿಯ ವಿಷಯ ಎತ್ತಿದರು. "ಕರಿಯ ಅಣ್ಣನ ಬೆನ್ನು ಬಿಡ್ತಿರಲಿಲ್ಲ ಮೇಡಂ. ನನ್ನ ಕಂಡ್ರೆ ಕೊಟ್ಟಿಗೆ ಮೂಲೆ ಸೇರ್ತದೆ. ನಾನೂ ಈ ಮನೆಯವನೇ ಅಲ್ವಾ?" ಎಂದು ಕಣ್ಣೊರೆಸಿಕೊಂಡರು.

ದಿನವೂ ಅದನ್ನು ಹೇಗೆ ಕರೀತೀರಿ, ತೋರಿಸಿ ಎಂದೆ. ಎದ್ದು ನಿಂತು, ಮುಂದಕ್ಕೆ ಬಗ್ಗಿ, ದಿಟ್ಟಿಸಿ ನೋಡುತ್ತ "ಬಾರೋ ಕರಿಯಾ" ಎಂದು ನೆತ್ತಿ ಸವರುವಂತೆ ಕೈ ಚಾಚಿದರು. ಪ್ರೀತಿಯಿಂದಲೇ. ಆದರೆ ಹೆದರಿದ ನಾಯಿಗೆ ಆ ನೋಟ, ಮೈಮೇಲೆ ಬಾಗುವುದು, ತಲೆಯ ಮೇಲಿಂದ ಬರುವ ಕೈ ಎಲ್ಲವೂ ಬೆದರಿಕೆಯೇ. ಮೂಲೆಯಲ್ಲಿ ಓಡಲು ದಾರಿಯಿಲ್ಲದಾಗ ಇನ್ನೂ ಹೆಚ್ಚು.

ಮೊದಲು ಹೇಳಿದ್ದು: ನೀವು ಹತ್ತಿರ ಹೋಗಬೇಡಿ. ಕರಿಯ ಈಗ ಅತ್ತಿಗೆಯ ಕೈಯಿಂದಲೇ ಅನ್ನ ತಿನ್ನುತ್ತದೆ; ಅವರೇ ಹಾಕಲಿ. ನೀವು ಜಗಲಿಯಲ್ಲಿ ಪಕ್ಕಕ್ಕೆ ತಿರುಗಿ ಕೂತು ಅಡಿಕೆ ಸುಲಿಯುತ್ತಿರಿ. ನಡುನಡುವೆ ಬೇಯಿಸಿದ ಮೊಟ್ಟೆಯ ಚೂರನ್ನು ಅದರ ಆಚೆಗೆ, ನಿಮ್ಮಿಂದ ದೂರಕ್ಕೆ ಎಸೆಯಿರಿ. ತಿನ್ನುವುದಕ್ಕಾಗಿ ನಿಮ್ಮ ಹತ್ತಿರ ಬರಲೇಬೇಕಾದ ಇಕ್ಕಟ್ಟು ಅದಕ್ಕಿರಬಾರದು. ಮುಖ ತಿರುಗಿಸುವುದು, ಮೂಗು ನೆಕ್ಕಿಕೊಳ್ಳುವುದು, ನಿದ್ದೆಯ ಮಂಪರು ಇಲ್ಲದಿದ್ದರೂ ಆಕಳಿಸುವುದು, ಬಾಲ ಒಳಸೇರುವುದು ಕಂಡರೆ ಇನ್ನಷ್ಟು ಸರಿದು ಕೂರಿ. ಗುರುಗುಟ್ಟಿದರೆ ಗದರಬೇಡಿ; ಅದು ಎಚ್ಚರಿಕೆ. ಗದರಿ ಬಾಯಿ ಮುಚ್ಚಿಸಿದ ನಾಯಿ ಮುಂದೆ ಎಚ್ಚರಿಸದೆ ಕಚ್ಚಬಹುದು. ತಾನಾಗಿ ಬಂದು ಮೂಸಿದರೆ ಅಲ್ಲಾಡಬೇಡಿ. ಅದು ಸಲೀಸಾದ ಮೇಲೆ ಎದೆಯನ್ನೋ ಕತ್ತಿನ ಬದಿಯನ್ನೋ ಒಂದೆರಡು ಕ್ಷಣ ಸವರಿ ಕೈ ತೆಗೆಯಿರಿ. ಅದೇ ಮತ್ತೆ ಒತ್ತಿಕೊಂಡು ಬಂದರೆ ಮಾತ್ರ ಮುಂದುವರಿಸಿ.

ತೋಟದಲ್ಲಿ ಮಂಗ ಓಡಿಸಲು ಈಡು ಹಾರಿಸುವಾಗ ಕರಿಯ ನಡುಗುತ್ತದಂತೆ. ಆಗ ಎಳೆದು ತರಬಾರದು. ಆ ಮೂಲೆ ಅದರದ್ದೇ ಆಗಿರಲಿ, ಅಲ್ಲೊಂದು ಗೋಣಿ ಹಾಸಿ ಎಂದೆ. ನೋವೋ ಕಾಯಿಲೆಯೋ ಇದ್ದರೂ ನಾಯಿ ಹೀಗೆ ಅಡಗುವುದರಿಂದ ಪಶುವೈದ್ಯರಿಗೆ ತೋರಿಸಿ, ರೇಬಿಸ್ ಲಸಿಕೆ ಬಾಕಿಯಿದ್ದರೆ ಹಾಕಿಸಲು ಹೇಳಿದೆ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು; ಇದನ್ನು ಬರೆದೇ ಕೊಟ್ಟೆ.

ಎರಡನೇ ಭೇಟಿಯಲ್ಲಿ ಅಸಲು ಸಂಗತಿ ಬಂತು. ಪಾಲಿನ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟಿದ್ದರು. ಮತ್ತೆ ಮಾತಾಡುವ ಮೊದಲೇ ಅಣ್ಣ ಹೋದರು. ನಾಯಿ ಒಪ್ಪಿಕೊಂಡರೆ ಅಣ್ಣನೇ ಒಪ್ಪಿದಂತೆ ಎಂದು ಒಳಗೊಳಗೇ ಕಾಯುತ್ತಿದ್ದರು. ಆ ಭಾರ ಕರಿಯನ ಮೇಲೆ ಬೇಡ, ಅದೂ ಯಜಮಾನನನ್ನು ಕಳೆದುಕೊಂಡಿದೆ ಎಂದೆ. ಜಗಲಿಯಲ್ಲಿ ಕೂತಾಗ ಅತ್ತಿಗೆಯ ಜೊತೆ ಅಣ್ಣನ ಮಾತು ತೆಗೆಯಿರಿ, ಜಗಳದ ಮಾತೂ ಬರಲಿ ಎಂದು ಕಳಿಸಿದೆ.

ಕರಿಯ ಈಗ ಅವರ ಕಾಲ ಬಳಿ ಬಿದ್ದ ಚೂರನ್ನೂ ತಿನ್ನುತ್ತದೆ. ಇನ್ನೂ ಮುಟ್ಟಗೊಡುವುದಿಲ್ಲ, ಅವರೂ ಆತುರಪಡುತ್ತಿಲ್ಲ. ನಿದ್ದೆ ಪೂರ್ತಿ ಸರಿಹೋಗಿಲ್ಲ. ಮುಂದಿನ ಭೇಟಿಗೆ ಅತ್ತಿಗೆಯೂ ಬರಲು ಒಪ್ಪಿದ್ದಾರೆ.